ಜೋಡಿ ಕಟ್ಟುವ ಮುನ್ನ

ಇವತ್ತು ಒಂದು ಹಳೆಯ ವಾದವನ್ನು ನಿಮ್ಮ ಮುಂದೆ ಇಡುತ್ತೇನೆ. ಬೇರೆ ಬೇರೆ ಕಾಲದ ಇಬ್ಬರು ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ನರು ಒಂದೇ ರಿಂಗಿನಲ್ಲಿ ಎದುರಾದರೆ ಗೆಲ್ಲುವವರು ಯಾರು? 1930ರ ದಶಕದ ಜೋ ಲೂಯಿಸ್ ಮತ್ತು 1960ರ ದಶಕದ ಮುಹಮ್ಮದ್ ಅಲಿ ಎದುರುಬದುರು ನಿಂತಿದ್ದರೆ ಏನಾಗುತ್ತಿತ್ತು? ಈ ವಾದಕ್ಕೂ ರೇಡಿಯೊಗೂ ಹಳೆಯ ನಂಟಿದೆ. 1967ರಲ್ಲಿ ಅಮೆರಿಕದ ಮರ್ರಿ ವೊರೋನರ್ ಎಂಬ ರೇಡಿಯೊ ನಿರ್ಮಾಪಕರು 16 ಮಂದಿ ಬಾಕ್ಸರುಗಳ ವಿವರವನ್ನು ಕಂಪ್ಯೂಟರಿಗೆ ಕೊಟ್ಟರು. ಅದು ಹೇಳಿದ ಫಲಿತಾಂಶವನ್ನು ನಿಜವಾದ ಪಂದ್ಯದ ವೀಕ್ಷಕ ವಿವರಣೆಯಂತೆ ಪ್ರಸಾರ ಮಾಡಿದರು. ಜನ ಕಿವಿಗೊಟ್ಟು ಕೇಳಿದರು. ಕೊನೆಯ ಪಂದ್ಯದಲ್ಲಿ ರಾಕಿ ಮಾರ್ಸಿಯಾನೊ ಜ್ಯಾಕ್ ಡೆಂಪ್ಸಿಯನ್ನು ಸೋಲಿಸಿದರು. ಅಲಿ ಅದಕ್ಕೂ ಮೊದಲೇ ಜೇಮ್ಸ್ ಜೆಫ್ರಿಸ್ ಕೈಯಲ್ಲಿ ಸೋತಿದ್ದರು. ಜೆಫ್ರಿಸ್ ಶತಮಾನದ ಆರಂಭದ ಚಾಂಪಿಯನ್. ಅಲಿ ಸುಮ್ಮನಿರಲಿಲ್ಲ. 10 ಲಕ್ಷ ಡಾಲರ್ ಪರಿಹಾರ ಕೇಳಿ ಮೊಕದ್ದಮೆ ಹೂಡಿದರು. ಯಾರೂ ಯಾರನ್ನೂ ಮುಟ್ಟದ ಪಂದ್ಯದಲ್ಲಿ ಸೋತದ್ದಕ್ಕೆ ಒಬ್ಬ ಚಾಂಪಿಯನ್ನನಿಗೆ ನೋವಾಯಿತು. ಆ ನೋವು ನಿಜವಾದದ್ದು. ಆದ್ದರಿಂದ ಈ ಪ್ರಶ್ನೆಯನ್ನು ಹರಟೆಯೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ.

ನನ್ನ ವಾದ ಇಷ್ಟೇ. ಈ ಪ್ರಶ್ನೆಗೆ ಉತ್ತರ ಇದೆ. ಆದರೆ ಉತ್ತರಕ್ಕೆ ಮುಂಚೆ ಮಾಡಬೇಕಾದ ಒಂದು ಕೆಲಸವನ್ನು ನಾವು ಬಿಟ್ಟುಬಿಡುತ್ತೇವೆ. ಆ ಕೆಲಸಕ್ಕೆ ನಮ್ಮಲ್ಲಿ ಒಳ್ಳೆಯ ಹೆಸರಿದೆ. ದಸರಾ ಕುಸ್ತಿಗೆ ಮುಂಚೆ ಮೈಸೂರಿನಲ್ಲಿ ಜೋಡಿ ಕಟ್ಟುತ್ತಾರೆ. ಊರೂರಿನ ಗರಡಿಗಳಿಂದ ಪೈಲ್ವಾನರು ಬರುತ್ತಾರೆ. ಉಸ್ತಾದರು, ಹಿರಿಯ ಪೈಲ್ವಾನರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ತೂಕ ಎಷ್ಟು, ವಯಸ್ಸು ಎಷ್ಟು, ಹಿಂದೆ ಯಾರೊಡನೆ ಹಿಡಿದಿದ್ದಾನೆ, ಎಷ್ಟು ಹೊತ್ತಿನ ಕುಸ್ತಿ ಎಂದು ಕೇಳುತ್ತಾರೆ. ಸಾಟಿ ಅನ್ನಿಸಿದರೆ ಮಾತ್ರ ಜೋಡಿ. ಕಾಲ ದಾಟಿದ ಬಾಕ್ಸಿಂಗ್ ವಾದಗಳಲ್ಲಿ ನಾವು ಜೋಡಿ ಕಟ್ಟದೆಯೇ ಮಟ್ಟಿಗೆ ಇಳಿಸಿಬಿಡುತ್ತೇವೆ. ಯಾವ ವರ್ಷದ ಲೂಯಿಸ್, ಯಾವ ನಿಯಮ, ಎಂಥ ಮೈಕಟ್ಟು, ಮೂಲೆಯಲ್ಲಿ ಯಾವ ಉಸ್ತಾದರು ಎಂದು ಕೇಳುವುದೇ ಇಲ್ಲ. ಈ ನಾಲ್ಕನ್ನು ಕೇಳದೆ ಕೊಡುವ ತೀರ್ಪಿಗೆ ಅರ್ಥವಿಲ್ಲ ಎಂಬುದನ್ನು ತೋರಿಸಲು ನಾನು ಎರಡು ಊರುಗಳಿಗೆ ನಿಮ್ಮನ್ನು ಕರೆದೊಯ್ಯುತ್ತೇನೆ. ಒಂದು ಶಿಕಾಗೊ, ಇನ್ನೊಂದು ಡೆಟ್ರಾಯಿಟ್. ಹೆವಿವೇಟ್ ಬಾಕ್ಸಿಂಗ್‌ನ ದೊಡ್ಡ ಸಾಕ್ಷ್ಯಗಳಲ್ಲಿ ಹಲವು ಈ ಎರಡು ಊರುಗಳ ನಡುವೆಯೇ ಸಿಗುತ್ತವೆ.

ಮೊದಲು ನಿಯಮದ ಮಾತು. 1927ರ ಸೆಪ್ಟೆಂಬರ್ 22ರ ರಾತ್ರಿ. ಶಿಕಾಗೊದ ಸೋಲ್ಜರ್ ಫೀಲ್ಡ್ ಕ್ರೀಡಾಂಗಣ. ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ರೇಡಿಯೊದಲ್ಲಿ ಕೇಳುತ್ತಿದ್ದವರು ಕೋಟಿಗಟ್ಟಲೆ. ಚಾಂಪಿಯನ್ ಜೀನ್ ಟನ್ನಿ ಎದುರು ಮಾಜಿ ಚಾಂಪಿಯನ್ ಜ್ಯಾಕ್ ಡೆಂಪ್ಸಿ. ಏಳನೆಯ ಸುತ್ತಿನಲ್ಲಿ ಡೆಂಪ್ಸಿಯ ಸರಣಿ ಗುದ್ದುಗಳಿಗೆ ಟನ್ನಿ ಕುಸಿದರು. ಹಗ್ಗದ ಬಳಿ, ಕಾಲು ಮಡಚಿಕೊಂಡು ಕೂತ ಹಾಗೆ ಬಿದ್ದರು. ಬಿದ್ದವರು ರೆಫರಿ ಹತ್ತು ಎಣಿಸುವುದರೊಳಗೆ ಎದ್ದು ನಿಲ್ಲಬೇಕು, ಇಲ್ಲದಿದ್ದರೆ ಸೋಲು. ಇದು ಎಲ್ಲರಿಗೂ ಗೊತ್ತಿರುವ ನಿಯಮ. ಆದರೆ ಆ ರಾತ್ರಿಗೆ ಇನ್ನೊಂದು ನಿಯಮವೂ ಇತ್ತು. ಬೀಳಿಸಿದವರು ದೂರದ ಮೂಲೆಗೆ ಹೋಗಿ ನಿಲ್ಲಬೇಕು. ಹೋಗುವವರೆಗೆ ಎಣಿಕೆ ಶುರುವಾಗುವುದಿಲ್ಲ. ಡೆಂಪ್ಸಿ ಹೋಗಲಿಲ್ಲ. ಬಿದ್ದವರ ಬಳಿಯೇ ನಿಂತರು. ರೆಫರಿ ಡೇವ್ ಬ್ಯಾರಿ ಮೂಲೆಯ ಕಡೆ ಕೈ ತೋರಿಸಿದರು. ಐದು ಸೆಕೆಂಡಿನ ಆಸುಪಾಸು ಹಾಗೇ ಹೋಯಿತು. ಆಮೇಲೆ ಎಣಿಕೆ ಒಂದರಿಂದ ಶುರುವಾಯಿತು. ಟನ್ನಿ ಒಂಬತ್ತಕ್ಕೆ ಎದ್ದರು. ನೆಲದ ಮೇಲೆ ಒಟ್ಟು 14 ಸೆಕೆಂಡಿನಷ್ಟು ಇದ್ದರು. ಹತ್ತು ಸುತ್ತು ಮುಗಿದಾಗ ಅಂಕಗಳ ಮೇಲೆ ಗೆದ್ದರು. ಡೆಂಪ್ಸಿ ಯಾಕೆ ಹಾಗೆ ನಿಂತರು? ಅವರು ಬೆಳೆದದ್ದೇ ಹಾಗೆ. ಎಂಟು ವರ್ಷ ಹಿಂದೆ, 1919ರಲ್ಲಿ, ಡೆಟ್ರಾಯಿಟ್‌ನಿಂದ ನೂರು ಕಿಲೋಮೀಟರಿನಷ್ಟು ದೂರದ ಟೊಲೆಡೊ ನಗರದಲ್ಲಿ ಅವರು ಚಾಂಪಿಯನ್ ಆದರು. ಎದುರಾಳಿ ಜೆಸ್ ವಿಲ್ಲರ್ಡ್ ಆರೂವರೆ ಅಡಿ ಎತ್ತರದ ಆಳು. ಮೊದಲ ಸುತ್ತಿನಲ್ಲೇ ಏಳು ಸಲ ಬಿದ್ದರು. ಪ್ರತಿ ಸಲವೂ ಡೆಂಪ್ಸಿ ಪಕ್ಕದಲ್ಲೇ ಕಾದು ನಿಂತು, ವಿಲ್ಲರ್ಡ್ ಮೊಣಕಾಲು ಎತ್ತುತ್ತಿದ್ದ ಹಾಗೆಯೇ ಮತ್ತೆ ಹೊಡೆದರು. ಆಗ ಅದು ತಪ್ಪಾಗಿರಲಿಲ್ಲ. ಈಗ ಯೋಚಿಸಿ. ಡೆಂಪ್ಸಿ ಮತ್ತು ಜೋ ಲೂಯಿಸ್ ನಡುವೆ ಯಾರು ಗೆಲ್ಲುತ್ತಿದ್ದರು ಎಂದು ಕೇಳುವವರು ಟೊಲೆಡೊ ನಿಯಮದ ಡೆಂಪ್ಸಿಯನ್ನು ಕೇಳುತ್ತಿದ್ದಾರೋ, ಶಿಕಾಗೊ ನಿಯಮದ ಡೆಂಪ್ಸಿಯನ್ನೋ?

ನಿಯಮದ ಮಾತು ಇನ್ನೂ ಸ್ವಲ್ಪ ಇದೆ, ಯಾಕೆಂದರೆ ಇಲ್ಲೇ ನನ್ನ ಅತ್ಯಂತ ಗಟ್ಟಿ ಸಾಕ್ಷ್ಯ ಇದೆ. ಇವತ್ತು ಹೆವಿವೇಟ್ ಪಟ್ಟದ ಪಂದ್ಯ 12 ಸುತ್ತು. 1980ರ ದಶಕದವರೆಗೆ 15 ಸುತ್ತು ಇತ್ತು. ಮೂರು ಸುತ್ತಿನ ವ್ಯತ್ಯಾಸ, ಅಂದರೆ ಒಂಬತ್ತು ನಿಮಿಷ. ಅದೇನು ಮಹಾ ಎಂದು ನೀವು ಕೇಳಬಹುದು. 1941ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಜೋ ಲೂಯಿಸ್ ಎದುರು ಬಿಲ್ಲಿ ಕಾನ್ ಆಡಿದರು. ಕಾನ್ ತೂಕದಲ್ಲಿ ತುಂಬ ಹಗುರ. ಆದರೆ ಕಾಲು ಚುರುಕು. 12 ಸುತ್ತು ಮುಗಿದಾಗ ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ ಕಾನ್ ಮುಂದಿದ್ದರು. ಮೂರನೆಯವರ ಲೆಕ್ಕದಲ್ಲಿ ಸಮ. 13ನೆಯ ಸುತ್ತಿನಲ್ಲಿ ಲೂಯಿಸ್ ಅವರನ್ನು ನಾಕೌಟ್ ಮಾಡಿದರು. 1952ರಲ್ಲಿ ಫಿಲಡೆಲ್ಫಿಯದಲ್ಲಿ ಮಾರ್ಸಿಯಾನೊ ಪಟ್ಟ ಗೆದ್ದದ್ದೂ ಹೀಗೆಯೇ. 12 ಸುತ್ತಿನ ನಂತರ ಜೆರ್ಸಿ ಜೋ ವಾಲ್ಕಾಟ್ ಮುಂದಿದ್ದರು. 13ರಲ್ಲಿ ಒಂದೇ ಬಲಗೈ ಏಟು, ವಾಲ್ಕಾಟ್ ನೆಲಕ್ಕೆ. ಇವತ್ತಿನ ನಿಯಮ ಅಂದು ಇದ್ದಿದ್ದರೆ ಕಾನ್ ವಿಶ್ವ ಚಾಂಪಿಯನ್. ಮಾರ್ಸಿಯಾನೊ 49 ಪಂದ್ಯಗಳಲ್ಲಿ 49 ಗೆದ್ದ ಸೋಲಿಲ್ಲದ ಸರದಾರ ಆಗಿರುತ್ತಿರಲಿಲ್ಲ. ಇಬ್ಬರು ದಂತಕಥೆಗಳ ಕೀರ್ತಿ ಆ ಒಂಬತ್ತು ನಿಮಿಷದ ಮೇಲೆ ನಿಂತಿದೆ. ಇದಕ್ಕೆ ಒಂದು ಆಕ್ಷೇಪ ಬರುತ್ತದೆ. 12 ಸುತ್ತು ಎಂದು ಮೊದಲೇ ಗೊತ್ತಿದ್ದರೆ ಲೂಯಿಸ್ ಬೇಗ ಮುಗಿಸುತ್ತಿದ್ದರು ಎಂದು. ಒಪ್ಪುತ್ತೇನೆ, ಅದು ಇರಬಹುದು. ಆದರೆ ಆ ಆಕ್ಷೇಪ ನನ್ನ ಮಾತನ್ನೇ ಗಟ್ಟಿ ಮಾಡುತ್ತದೆ. ನಿಯಮ ಬದಲಾದರೆ ಆಡುವ ಮನುಷ್ಯನೂ ಬದಲಾಗುತ್ತಾನೆ.

ಇಲ್ಲಿಯವರೆಗೆ ನಿಯಮವನ್ನು ನೋಡಿದೆವು. ಒಂದು ನಿಯಮ, ಮೂರು ಸುತ್ತು, ಇಷ್ಟಕ್ಕೇ ಫಲಿತಾಂಶ ತಿರುಗಬಹುದು. ಇನ್ನು ಮೈಕಟ್ಟಿನ ಮಾತಿಗೆ ಬರೋಣ. ಟೊಲೆಡೊದಲ್ಲಿ ಡೆಂಪ್ಸಿ ಸುಮಾರು 85 ಕಿಲೊ. ಮಾರ್ಸಿಯಾನೊ 84 ಕಿಲೊ. 1937ರಲ್ಲಿ ಪಟ್ಟ ಗೆದ್ದ ಲೂಯಿಸ್ 90 ಕಿಲೊಗೆ ಸ್ವಲ್ಪ ಕಡಿಮೆ. ಇವತ್ತು 91 ಕಿಲೊ ಒಳಗಿನವರಿಗೆ ಕ್ರೂಸರ್‌ವೇಟ್ ಎಂಬ ಬೇರೆಯೇ ವರ್ಗವಿದೆ. ಅಂದರೆ ಈ ಮೂವರೂ ಇವತ್ತು ತೂಕದ ಯಂತ್ರದ ಮೇಲೆ ನಿಂತರೆ ಹೆವಿವೇಟ್ ಆಡಲೇಬೇಕಾದ ಅಗತ್ಯವಿಲ್ಲ. ಇತ್ತೀಚಿನ ಚಾಂಪಿಯನ್ನರಾದ ಲೆನಾಕ್ಸ್ ಲೂಯಿಸ್, ವ್ಲಾದಿಮಿರ್ ಕ್ಲಿಚ್ಕೊ ಆರೂವರೆ ಅಡಿ ಆಸುಪಾಸಿನವರು. ತೂಕ 110 ಕಿಲೊ ಹತ್ತಿರ. ಹಳಬರ ಅಭಿಮಾನಿಗಳು ಇದಕ್ಕೆ ಜಗ್ಗುವುದಿಲ್ಲ. ದೈತ್ಯರು ಅಂದೂ ಇದ್ದರು ಎನ್ನುತ್ತಾರೆ. 118 ಕಿಲೊ ತೂಗುತ್ತಿದ್ದ ಪ್ರಿಮೊ ಕಾರ್ನೆರಾ ಅವರನ್ನು ಜೋ ಲೂಯಿಸ್ 1935ರಲ್ಲಿ ಆರು ಸುತ್ತಿನಲ್ಲಿ ಮುಗಿಸಿದರು. ಸುಮಾರು 115 ಕಿಲೊ ಇದ್ದ ಏಬ್ ಸೈಮನ್ ಅವರನ್ನು 1941ರಲ್ಲಿ ಡೆಟ್ರಾಯಿಟ್‌ನ ಒಲಿಂಪಿಯಾ ಕ್ರೀಡಾಂಗಣದಲ್ಲಿ 13ನೆಯ ಸುತ್ತಿನಲ್ಲಿ ಸೋಲಿಸಿದರು. ಇದು ಬಲವಾದ ವಾದ. ಇದಕ್ಕೆ ಉತ್ತರ ಕೊಡಲು ತೂಕದ ಅಂಕಿ ಸಾಲದು. ಡೆಟ್ರಾಯಿಟ್‌ನ ಒಂದು ನೆಲಮಾಳಿಗೆಗೆ ಇಳಿಯಬೇಕು.

ಆ ನೆಲಮಾಳಿಗೆಯ ಹೆಸರು ಕ್ರಾಂಕ್ ಜಿಮ್. ಅದೊಂದು ಸಾರ್ವಜನಿಕ ಕ್ರೀಡಾಕೇಂದ್ರದ ತಳದ ಕೋಣೆಯಾಗಿತ್ತು. ಕಡಿಮೆ ಎತ್ತರದ ಚಾವಣಿ, ಒಂದೇ ರಿಂಗು, ಬೇಕೆಂದೇ ಏರಿಸಿಟ್ಟ ಕಾವು. ಒಳಗೆ ಕಾಲಿಟ್ಟ ಕೆಲವೇ ನಿಮಿಷಕ್ಕೆ ಬೆವರು ಇಳಿಯುತ್ತಿದ್ದ ಜಾಗ. ಅಲ್ಲಿನ ಉಸ್ತಾದರಾಗಿದ್ದವರು ಇಮ್ಯಾನ್ಯುಯೆಲ್ ಸ್ಟೀವರ್ಡ್. ಅವರು ಹುಡುಗನಾಗಿದ್ದಾಗ ಕಲಿತದ್ದು ಅದೇ ಊರಿನ ಬ್ರೂಸ್ಟರ್ ಕೇಂದ್ರದಲ್ಲಿ. ಜೋ ಲೂಯಿಸ್ ಕೂಡ ಅದೇ ಬ್ರೂಸ್ಟರ್‌ನವರು. ಒಂದೇ ಗರಡಿಯ ಮಣ್ಣು ಎಂದು ನಮ್ಮವರು ಹೇಳುತ್ತಾರಲ್ಲ, ಹಾಗೆ. ಲೆನಾಕ್ಸ್ ಲೂಯಿಸ್ 1994ರಲ್ಲಿ ಲಂಡನ್‌ನಲ್ಲಿ ಶಿಕಾಗೊದಲ್ಲಿ ಹುಟ್ಟಿದ ಆಲಿವರ್ ಮೆಕಾಲ್ ಕೈಯಲ್ಲಿ ಎರಡನೆಯ ಸುತ್ತಿಗೇ ಸೋತರು. ಮೆಕಾಲ್ ಲೆನಾಕ್ಸ್‌ಗಿಂತ ಕುಳ್ಳ. ಅವರ ಮೂಲೆಯಲ್ಲಿ ನಿಂತಿದ್ದವರು ಸ್ಟೀವರ್ಡ್. ಲೆನಾಕ್ಸ್ ಮಾಡಿದ್ದೇನು? ತನ್ನನ್ನು ಸೋಲಿಸಿದ ಉಸ್ತಾದರನ್ನೇ ತನ್ನ ಉಸ್ತಾದರನ್ನಾಗಿ ಮಾಡಿಕೊಂಡರು. ಸ್ಟೀವರ್ಡ್ ಎತ್ತರದ ಆಳಿಗೆ ಎತ್ತರವನ್ನು ಬಳಸುವುದು ಕಲಿಸಿದರು. ಎಡಗೈ ಜ್ಯಾಬ್‌ನಿಂದ ಎದುರಾಳಿಯನ್ನು ದೂರವೇ ನಿಲ್ಲಿಸುವುದು, ಹತ್ತಿರ ಬಂದರೆ ತಬ್ಬಿ ಹಿಡಿದು ಭಾರ ಹಾಕುವುದು, ಸಮತೋಲ ತಪ್ಪದೆ ಹಿಂದೆ ಸರಿಯುವುದು. ಮೆಕಾಲ್ ಜತೆಗಿನ ಮರುಪಂದ್ಯವನ್ನು ಲೆನಾಕ್ಸ್ ಗೆದ್ದರು. ಮುಂದೆ ಕ್ಲಿಚ್ಕೊ ಕೂಡ ಸ್ಟೀವರ್ಡ್ ಅವರ ಶಿಷ್ಯರಾದರು. ಕಾರ್ನೆರಾಗಾಗಲಿ ಸೈಮನ್‌ಗಾಗಲಿ ಇಂಥ ಪಾಠ ಸಿಕ್ಕಿರಲಿಲ್ಲ. ಅವರನ್ನು ಸೋಲಿಸಿದ್ದು ಲೆನಾಕ್ಸ್ ಅವರನ್ನು ಸೋಲಿಸಬಹುದು ಎಂಬುದಕ್ಕೆ ಪುರಾವೆ ಆಗುವುದಿಲ್ಲ. ಹಾಗೆಂದು ಲೆನಾಕ್ಸ್ ದೊಡ್ಡವರು, ಜೋ ಸಣ್ಣವರು ಎಂದು ತೀರ್ಪು ಕೊಡಲೂ ನಾನು ಒಲ್ಲೆ. 20 ಕಿಲೊ ವ್ಯತ್ಯಾಸದ ಈ ಜೋಡಿಯನ್ನು ಮೈಸೂರಿನ ಹಿರಿಯರು ಕಟ್ಟುತ್ತಿರಲಿಲ್ಲ. ನಾನೂ ಕಟ್ಟುವುದಿಲ್ಲ.

ನಿಯಮ ಆಯಿತು, ಮೈಕಟ್ಟು ಮತ್ತು ಉಸ್ತಾದರ ಮಾತೂ ಆಯಿತು. ಉಳಿದದ್ದು ದಿನ. ಯಾವ ದಿನದ ಚಾಂಪಿಯನ್? ಜೋ ಲೂಯಿಸ್ 12 ವರ್ಷದ ಹುಡುಗನಾಗಿದ್ದಾಗ ಅಲಬಾಮಾದಿಂದ ಡೆಟ್ರಾಯಿಟ್‌ಗೆ ಬಂದವರು. ಪಿಟೀಲು ಪಾಠಕ್ಕೆಂದು ತಾಯಿ ಕೊಟ್ಟ ಹಣವನ್ನು ಬಾಕ್ಸಿಂಗ್‌ಗೆ ಹಾಕಿದರು. 1934ರಲ್ಲಿ ಶಿಕಾಗೊದಲ್ಲಿ ವೃತ್ತಿಪರ ಬಾಕ್ಸರ್ ಆದರು. ಅಲ್ಲಿ ಅವರನ್ನು ತಿದ್ದಿದ ಉಸ್ತಾದರು ಜ್ಯಾಕ್ ಬ್ಲ್ಯಾಕ್‌ಬರ್ನ್. ಎರಡು ವರ್ಷ ಸೋಲೇ ಇಲ್ಲ. 1936ರ ಜೂನ್‌ನಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್, ಲೂಯಿಸ್ ಅವರನ್ನು 12ನೆಯ ಸುತ್ತಿನಲ್ಲಿ ನಾಕೌಟ್ ಮಾಡಿದರು. ಷ್ಮೆಲಿಂಗ್ ಒಂದು ಸಣ್ಣ ತಪ್ಪನ್ನು ಕಂಡುಹಿಡಿದಿದ್ದರು. ನಿಮ್ಮ ಎಡಗೈ ಮುಷ್ಟಿಯನ್ನು ಗಲ್ಲದ ಬಳಿ ಹಿಡಿದುಕೊಳ್ಳಿ. ಈಗ ಅದನ್ನು ನೇರವಾಗಿ ಮುಂದಕ್ಕೆ ಚಾಚಿ. ಅದೇ ದಾರಿಯಲ್ಲಿ ಗಲ್ಲಕ್ಕೆ ವಾಪಸ್ ತನ್ನಿ. ಜ್ಯಾಬ್ ಎಂದರೆ ಇದು. ಲೂಯಿಸ್ ಕೈ ಹೋಗುವಾಗ ನೇರ ಹೋಗುತ್ತಿತ್ತು. ಬರುವಾಗ ಎದೆಯ ಕೆಳಗೆ ಇಳಿದು ಬರುತ್ತಿತ್ತು. ಆ ಅರೆಗಳಿಗೆ ಎಡಗೆನ್ನೆ ಬಯಲು. ಷ್ಮೆಲಿಂಗ್ ಆ ಬಯಲಿಗೆ ತಮ್ಮ ಬಲಗೈಯನ್ನು ಮತ್ತೆ ಮತ್ತೆ ಕಳಿಸಿದರು. ಒಂದು ವರ್ಷದ ನಂತರ, 1937ರ ಜೂನ್ 22ರಂದು, ಶಿಕಾಗೊದ ಕಮಿಸ್ಕಿ ಪಾರ್ಕ್‌ನಲ್ಲಿ ಲೂಯಿಸ್ ಜೇಮ್ಸ್ ಬ್ರಾಡಕ್ ಅವರನ್ನು ಎಂಟನೆಯ ಸುತ್ತಿನಲ್ಲಿ ಸೋಲಿಸಿ ವಿಶ್ವ ಚಾಂಪಿಯನ್ ಆದರು. ಇನ್ನೊಂದು ವರ್ಷ ಕಳೆದು ಅದೇ ತಾರೀಖಿನಂದು ಷ್ಮೆಲಿಂಗ್ ಮತ್ತೆ ಎದುರಾದರು. ಪಂದ್ಯ ಎರಡು ನಿಮಿಷದ ಮೇಲೆ ಕೆಲವೇ ಸೆಕೆಂಡು ನಡೆಯಿತು. ಅದೇ ಲೂಯಿಸ್, ಅದೇ ಷ್ಮೆಲಿಂಗ್, ನಡುವೆ ಎರಡು ವರ್ಷ. ಫಲಿತಾಂಶ ತಲೆಕೆಳಗು.

ದಿನದ ಮಾತಿಗೆ ಇನ್ನೊಂದು ಉದಾಹರಣೆ ಮನಸ್ಸಿಗೆ ತಟ್ಟುವಂಥದ್ದು. ಅಲಿಯ ಮೊಕದ್ದಮೆಯನ್ನು ನೆನಪಿಸಿಕೊಳ್ಳಿ. ಅದು ರಾಜಿಯಲ್ಲಿ ಮುಗಿಯಿತು. ವೊರೋನರ್ ಅಲಿ ಮತ್ತು ಮಾರ್ಸಿಯಾನೊ ಇಬ್ಬರನ್ನೂ ರಿಂಗಿಗೆ ಕರೆತಂದರು, ಸಿನಿಮಾ ಕ್ಯಾಮೆರಾ ಮುಂದೆ. 1969ರಲ್ಲಿ ಚಿತ್ರೀಕರಣ ನಡೆಯಿತು. ಕಾಲ ದಾಟಿದ ಇಬ್ಬರು ಚಾಂಪಿಯನ್ನರು ನಿಜವಾಗಿಯೂ ಎದುರುಬದುರು ನಿಂತರು. ಆದರೆ ನಿಂತವರು ಯಾರು? ಮಾರ್ಸಿಯಾನೊಗೆ 45 ವರ್ಷ. ಕೊನೆಯ ಪಂದ್ಯ ಆಡಿ 14 ವರ್ಷ ಆಗುತ್ತ ಬಂದಿತ್ತು. ಈ ಚಿತ್ರಕ್ಕೆಂದು 20 ಕಿಲೊಗೂ ಹೆಚ್ಚು ತೂಕ ಇಳಿಸಿದ್ದರು, ತಲೆಗೆ ಟೋಪನ್ ಹಾಕಿಕೊಂಡಿದ್ದರು. ಅಲಿಗೆ 27. ಸೈನ್ಯ ಸೇರಲು ಒಪ್ಪದ ಕಾರಣ ಪಟ್ಟ ಕಿತ್ತುಕೊಂಡಿದ್ದರು, ಎರಡು ವರ್ಷದಿಂದ ಪಂದ್ಯವೇ ಇರಲಿಲ್ಲ. ಬೇರೆ ಬೇರೆ ಅಂತ್ಯಗಳನ್ನು ಚಿತ್ರಿಸಿಕೊಂಡು, ಆಮೇಲೆ ಕಂಪ್ಯೂಟರ್ ಹೇಳಿದ್ದನ್ನು ಜೋಡಿಸಿದರು. 1970ರ ಜನವರಿಯಲ್ಲಿ ತೆರೆ ಕಂಡಾಗ ಮಾರ್ಸಿಯಾನೊ 13ನೆಯ ಸುತ್ತಿನಲ್ಲಿ ಗೆದ್ದಿದ್ದರು. ಗೆದ್ದದ್ದನ್ನು ನೋಡಲು ಅವರಿರಲಿಲ್ಲ. 1969ರ ಆಗಸ್ಟ್ 31ರ ಸಂಜೆ ಶಿಕಾಗೊದ ಮಿಡ್‌ವೇ ವಿಮಾನ ನಿಲ್ದಾಣದಿಂದ ಹೊರಟ ಪುಟ್ಟ ವಿಮಾನ ಅಯೋವಾದ ಹೊಲವೊಂದರಲ್ಲಿ ಬಿದ್ದು ಅವರು ತೀರಿಕೊಂಡಿದ್ದರು. ಮರುದಿನ ಅವರ ಹುಟ್ಟುಹಬ್ಬ.

ಈಗ ಎಲ್ಲಕ್ಕಿಂತ ದೊಡ್ಡ ಆಕ್ಷೇಪ. ಇಷ್ಟೆಲ್ಲ ಯಾಕೆ, ದಾಖಲೆ ನೋಡಿದರೆ ಸಾಲದೇ? ಸಾಲದು. ಯಾಕೆಂದರೆ ದಾಖಲೆಯಲ್ಲಿ ಆಡಲು ಬಿಟ್ಟ ಪಂದ್ಯಗಳು ಮಾತ್ರ ಇರುತ್ತವೆ. ಡೆಂಪ್ಸಿ ಚಾಂಪಿಯನ್ ಆಗಿದ್ದ ಏಳು ವರ್ಷವೂ ಹ್ಯಾರಿ ವಿಲ್ಸ್ ಎಂಬ ಕಪ್ಪು ಬಾಕ್ಸರ್ ಮುಂಚೂಣಿಯಲ್ಲಿದ್ದರು. ಆ ಪಂದ್ಯ ನಡೆಯಲೇ ಇಲ್ಲ. ಚಾಂಪಿಯನ್ ಪಟ್ಟಕ್ಕೆ ಬಣ್ಣದ ಬೇಲಿ ಹಾಕಲಾಗಿತ್ತು. 1966ರಲ್ಲಿ ಅಲಿ ಮತ್ತು ಶಿಕಾಗೊದಲ್ಲಿ ಬೆಳೆದ ಎರ್ನಿ ಟೆರೆಲ್ ನಡುವಿನ ಪಂದ್ಯ ಶಿಕಾಗೊದಲ್ಲೇ ನಿಗದಿಯಾಗಿತ್ತು. ಯುದ್ಧದ ಬಗ್ಗೆ ಅಲಿ ಆಡಿದ ಮಾತಿಗೆ ಸಿಟ್ಟಾಗಿ ಇಲಿನಾಯ್ ರಾಜ್ಯದ ಅಧಿಕಾರಿಗಳು ಅದನ್ನು ತಡೆದರು. ಮಾರ್ಸಿಯಾನೊ ಲೂಯಿಸ್ ಅವರನ್ನು ಸೋಲಿಸಿದ್ದು ದಾಖಲೆಯಲ್ಲಿದೆ. ಆದರೆ ಅದು 1951. ಲೂಯಿಸ್‌ಗೆ 37 ವರ್ಷ, ಸಾಲ ತೀರಿಸಲು ಮರಳಿ ರಿಂಗಿಗೆ ಬಂದಿದ್ದರು. ಬಣ್ಣದ ಕಾರಣಕ್ಕೆ ವಿಲ್ಸ್ ಕಳೆದುಕೊಂಡ ಆ ಒಂದು ಪಂದ್ಯದ ಬಗ್ಗೆ ನನಗೆ ಇರುವ ಕುತೂಹಲ, ಕಾಲ ದಾಟಿದ ಯಾವ ಪಂದ್ಯದ ಬಗ್ಗೆಯೂ ಇಲ್ಲ. ಅದನ್ನು ತಡೆದದ್ದು ಮನುಷ್ಯರು.

ನಿಯಮ, ಮೈಕಟ್ಟು, ಉಸ್ತಾದರು, ದಿನ. ನಾಲ್ಕನ್ನೂ ಕೇಳಿದ ಮೇಲೆ ನಾನೂ ಒಂದು ಜೋಡಿ ಕಟ್ಟಬೇಕು. ಕಟ್ಟುತ್ತೇನೆ. 1938ರ ಜೂನ್‌ನ ಜೋ ಲೂಯಿಸ್, ಮೂಲೆಯಲ್ಲಿ ಬ್ಲ್ಯಾಕ್‌ಬರ್ನ್. 1966ರ ನವೆಂಬರ್‌ನ ಅಲಿ, ಮೂಲೆಯಲ್ಲಿ ಏಂಜೆಲೊ ಡಂಡಿ. ಲೂಯಿಸ್ ಆರಡಿ ಎರಡು ಇಂಚು, ಅಲಿ ಆರಡಿ ಮೂರು ಇಂಚು. ತೂಕದ ವ್ಯತ್ಯಾಸ ಆರೇಳು ಕಿಲೊ. ಇಬ್ಬರಿಗೂ ಇಪ್ಪತ್ತನಾಲ್ಕರ ಪ್ರಾಯ. ಸಾಟಿ ಜೋಡಿ. ಇಬ್ಬರೂ ಆಡಿ ಬಲ್ಲ 15 ಸುತ್ತು. ಜಾಗ ಕಮಿಸ್ಕಿ ಪಾರ್ಕ್. ಮೊದಲ ಪಂದ್ಯ ಅಲಿಗೆ, ಕೂದಲೆಳೆಯ ಅಂತರದಲ್ಲಿ, ಅಂಕಗಳ ಮೇಲೆ. ನನ್ನ ಕಾರಣ ಇದು. ಲೂಯಿಸ್ ಪಾದ ಎಳೆದು ಹೆಜ್ಜೆ ಇಡುವವರು, ಓಡಾಡುವ ಎದುರಾಳಿಗಳು ಅವರನ್ನು ಕಾಡುತ್ತಿದ್ದರು. ಕಾನ್ ಕಾಡಿದರು. 1937ರಲ್ಲಿ ಬಾಬ್ ಪಾಸ್ಟರ್ ಹತ್ತು ಸುತ್ತು ಓಡಾಡಿಯೇ ಕಳೆದರು. ಆದರೆ ಅದೇ ಪಾಸ್ಟರ್ 1939ರಲ್ಲಿ ಡೆಟ್ರಾಯಿಟ್‌ನ ಬ್ರಿಗ್ಸ್ ಕ್ರೀಡಾಂಗಣದಲ್ಲಿ ಮತ್ತೆ ಎದುರಾದಾಗ 11ನೆಯ ಸುತ್ತಿನಲ್ಲಿ ನೆಲ ಕಚ್ಚಿದರು. ಷ್ಮೆಲಿಂಗ್, ಪಾಸ್ಟರ್, ಕಾನ್, ವಾಲ್ಕಾಟ್, ಎಲ್ಲರನ್ನೂ ಲೂಯಿಸ್ ಎರಡನೆಯ ಸಲ ನಾಕೌಟ್ ಮಾಡಿದರು. ಅಲಿಯೂ ಮರುಪಂದ್ಯದಲ್ಲಿ ಕಲಿಯುತ್ತಿದ್ದರು ಎಂದು ನೀವು ಹೇಳುವಿರಿ. ನಿಜ. ತಮ್ಮನ್ನು ಸೋಲಿಸಿದ್ದ ಫ್ರೇಜಿಯರ್, ನಾರ್ಟನ್, ಸ್ಪಿಂಕ್ಸ್ ಮೂವರನ್ನೂ ಮರುಪಂದ್ಯದಲ್ಲಿ ಸೋಲಿಸಿದರು. ಮೂರೂ ಸಲ ಕೊನೆಯ ಸುತ್ತಿನವರೆಗೆ ಆಡಿ, ಅಂಕಗಳ ಮೇಲೆ. ಲೂಯಿಸ್ ಹಾಗೆ ಕೊನೆಯವರೆಗೆ ಕಾಯಲು ಬಿಡುವವರಲ್ಲ. ಅಲಿ ಕೈ ತಗ್ಗಿಸಿಕೊಂಡು, ಏಟು ಬಂದಾಗ ತಲೆಯನ್ನು ನೇರ ಹಿಂದಕ್ಕೆ ಎಳೆಯುತ್ತಿದ್ದರು. ಹೆನ್ರಿ ಕೂಪರ್ 1963ರಲ್ಲಿ, ಫ್ರೇಜಿಯರ್ 1971ರಲ್ಲಿ ಎಡಗೈ ಹುಕ್‌ನಿಂದ ಅವರನ್ನು ಬೀಳಿಸಿದ್ದರು. ಆ ತಪ್ಪನ್ನು ಬ್ಲ್ಯಾಕ್‌ಬರ್ನ್ ಮೊದಲ ಪಂದ್ಯದಲ್ಲಿ ಕಂಡುಹಿಡಿಯುತ್ತಿದ್ದರು. ಎರಡನೆಯ ಪಂದ್ಯಕ್ಕೆ ಮುಂಚೆ ಆರು ತಿಂಗಳು ಅದೊಂದನ್ನೇ ಅಭ್ಯಾಸ ಮಾಡಿಸುತ್ತಿದ್ದರು. ಎರಡನೆಯ ಪಂದ್ಯ ಡೆಟ್ರಾಯಿಟ್‌ನಲ್ಲಿ ನಡೆದರೆ ಅದು ಲೂಯಿಸ್‌ಗೆ, ಹನ್ನೊಂದನೆಯ ಸುತ್ತಿನ ಒಳಗೆ.

ಮೂರನೆಯ ಪಂದ್ಯವನ್ನು ನೀವು ಕಟ್ಟಿ, ಕೇಳುಗರೇ. ದಿನ ನೋಡಿಕೊಂಡು ಕಟ್ಟಿ. ಲೂಯಿಸ್ ಮೂಲೆಯಲ್ಲಿ ಬ್ಲ್ಯಾಕ್‌ಬರ್ನ್ ಇರಬೇಕಾದರೆ ಅದು 1942ರ ಏಪ್ರಿಲ್‌ಗೆ ಮುಂಚೆ ಆಗಬೇಕು. ಆ ತಿಂಗಳು ಬ್ಲ್ಯಾಕ್‌ಬರ್ನ್ ಶಿಕಾಗೊದಲ್ಲಿ ತೀರಿಕೊಂಡರು. ಆಗ ಲೂಯಿವಿಲ್ ಪಟ್ಟಣದ ಒಂದು ಮನೆಯಲ್ಲಿ ಅಲಿ ಮೂರು ತಿಂಗಳ ಕೂಸು.